ಹವಾಲ್ದಾರರಿಗೆ ಕೇಳಿಸಿದ ‘ಬರ್ತೀನ್ರಿ’

ಠಾಣೆಗೆ ಬಂದವರು ಹೊರಡುವಾಗ ಕೈಮುಗಿದು “ಬರ್ತೀನ್ರಿ ಸಾಹೇಬ್ರ” ಅಂದರೆ ಸಾಕು, ನಮ್ಮ ಮುಜಫ್ಫರ ಹವಾಲ್ದಾರರು ಕುರ್ಚಿಯಿಂದ ಎದ್ದುಬಿಡುತ್ತಿದ್ದರು. “ಬರ್ತೀರೋ, ಹೋಗ್ತೀರೋ? ಒಂದ ಹೇಳ್ರಿ!” ಮೊಬೈಲು ಕಳೆದುಕೊಂಡು ದೂರು ಕೊಡಲು ಬಂದವನು, ಪಾಪ, ಏನು ಹೇಳಿಯಾನು? ‘ಹೋಗ್ತೀನಿ’ ಎನ್ನುವುದು ನಮ್ಮ ಕಡೆ ಅಪಶಕುನ. ಗಡಿಯವರು ನಾವು, ಕನ್ನಡ, ಮರಾಠಿ, ಉರ್ದು ಮೂರೂ ಆಡುತ್ತೇವೆ. ಮೂರರಲ್ಲೂ ಹೋಗುವವರು ಬರ್ತೀನಿ ಎಂದೇ ಹೊರಡುತ್ತಾರೆ.

ನಾನು ಆ ಠಾಣೆಯ ರೈಟರ್, ಅಂದರೆ ಕಾಗದಪತ್ರ ನೋಡುವ ಪೇದೆ. ಡ್ಯೂಟಿ ಮುಗಿದ ಮೇಲೆ ಬೇಕಂತಲೇ ಅವರ ಕಿವಿಯ ಹತ್ತಿರ “ಬರ್ತೀನ್ರೀ” ಎಂದು ಕೂಗಿ ಓಡಿದ್ದೂ ಉಂಟು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರು ಹಾಗೆ ಸಿಡುಕುವ ಕಾರಣ ನನಗೆ ಆಗ ಗೊತ್ತಿರಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ನುಗ್ಗಿದಾಗ ಹವಾಲ್ದಾರರು ಯಡೂರಿನ ಆಸುಪಾಸು ರಬ್ಬರ್ ಬೋಟಿನಲ್ಲಿ ಜನರನ್ನು ದಾಟಿಸುತ್ತಿದ್ದರು. ಒಂದು ಕಬ್ಬಿನ ಹೊಲದ ಒಡ್ಡಿನ ಮೇಲೆ ಕಾಮಣ್ಣ ಎಂಬ ರೈತ ಎಮ್ಮೆ ಹಿಡಿದು ನಿಂತಿದ್ದ. ಬೋಟಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಕಾಮಣ್ಣ ಕೈಯೆತ್ತಿ “ನಾ ಬರ್ತೀನ್ರೀ!” ಎಂದು ಕೂಗಿದ. ಎಮ್ಮೆ ಹೊಡೆದುಕೊಂಡು ರಸ್ತೆ ಹಿಡಿಯುತ್ತಾನೆ, ಹೋಗುವ ಮಾತು ಹೇಳುತ್ತಿದ್ದಾನೆ ಎಂದುಕೊಂಡ ಹವಾಲ್ದಾರರು ತಾವೂ ಕೈಬೀಸಿ ಬೋಟು ಬಿಡಿಸಿದರು. ತಾಸಿನ ಮೇಲೆ ತಿರುಗಿ ಬಂದರೆ ಒಡ್ಡೇ ಇಲ್ಲ. ಎಮ್ಮೆ ಈಜಿ ಬದುಕಿತು. ಕಾಮಣ್ಣ ಮೂರು ದಿನದ ಮೇಲೆ ಕಬ್ಬಿನೊಳಗೆ ಸಿಕ್ಕ.

‘ಹೋಗ್ತೀನಿ’ ಅಂದನೋ, ‘ನಿಲ್ಲಿ, ನಾನೂ ಬರ್ತೀನಿ’ ಅಂದನೋ?

ಇದು ನನಗೆ ತಿಳಿದದ್ದು ಮರುವರ್ಷದ ಜನವರಿಯಲ್ಲಿ. ಚಿಕ್ಕೋಡಿಯಲ್ಲಿ ಪೊಲೀಸರಿಗೆಂದು ಮನಸ್ಸಿನ ಆರೋಗ್ಯದ ಶಿಬಿರ ಇಟ್ಟಿದ್ದರು. ‘ನಿದ್ದೆ ಚೆನ್ನಾಗಿ ಬರುತ್ತದೆಯೇ?’ ಎಂಬ ಫಾರ್ಮು. ಪಕ್ಕದವನದನ್ನು ನೋಡಿ ನಾವೆಲ್ಲ ‘ಹೌದು’ ಎಂದು ಗೀಚಿದೆವು. ಕಳ್ಳರನ್ನು ಹಿಡಿಯುವವರು ಕಾಪಿ ಹೊಡೆದೆವು! ಹವಾಲ್ದಾರರು ಮಾತ್ರ ಖಾಲಿ ಫಾರ್ಮು ಹಿಡಿದು ನಾಲ್ಕು ಸಲ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದರು. ಐದನೇ ಸಲ ಶಿಬಿರದ ಡಾಕ್ಟರ್ ಮನಿಷಾ ಹಿಂದೆಯೇ ಹೋದರು.

“ಯಾರ ದಾರಿ ನೋಡಾಕತ್ತೀರಿ?”

ಹವಾಲ್ದಾರರು ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲ ಹೇಳಿದರು. ಅವರು ಬಿಟ್ಟುಬಂದ ಟೋಪಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರು ಕೊನೆಗೆ ಅಂದರು, “ನೀವು ನನ್ನ ಹತ್ರ ಬರ್ತಾ ಇರ್ರಿ. ಆದ್ರ ಈ ಪ್ರಶ್ನೆ ನೀವು ಕೇಳಬೇಕಾದವರು ಬ್ಯಾರೆ ಅದಾರ.”

ಹವಾಲ್ದಾರರು ಎರಡು ವಾರ ಇವತ್ತು, ನಾಳೆ ಎಂದರು. ಕೊನೆಗೆ ಒಂದು ಮಧ್ಯಾಹ್ನ ನಾನೇ ಬೈಕಿನ ಹಿಂದೆ ಕೂರಿಸಿಕೊಂಡು ಕಾಮಣ್ಣನ ಹೆಂಡತಿ ಸತ್ತೆವ್ವನ ತಗಡಿನ ಮನೆಗೆ ಕರೆದೊಯ್ದೆ. ಕೂಡ್ರಿ ಅಂದರೂ ಕೂಡಲಿಲ್ಲ. ಬಾಗಿಲಲ್ಲೇ ನಿಂತು, ಒಂದೂ ಬಿಡದೆ ಎಲ್ಲ ಒದರಿದರು.

ಸತ್ತೆವ್ವ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಬೈಯುತ್ತಾಳೆ ಎಂದು ನಾನು ಕಾದೆ.

“ಆವತ್ತ ಮುಂಜಾನೆ ನನ್ನ ಗಂಜಿ ಕೇಂದ್ರಕ್ಕ ಕಳಿಸೂ ಮುಂದ ನನಗೂ ಹಂಗ ಅಂದಾರ್ರಿ. ಬರ್ತೀನಿ, ನೀ ನಡಿ ಅಂತ. ನಾನೂ ನಡದ್ನಿ. ಅದು ಯಾವ ಬರೂದೋ ನನಗೂ ಗೊತ್ತಿಲ್ರಿ ಸಾಹೇಬ್ರ.”

ಚಹಾ ಕೊಟ್ಟಳು. ಕುಡಿದು ಹವಾಲ್ದಾರರು ಮಾತಿಲ್ಲದೆ ಟೋಪಿ ಹಾಕಿಕೊಂಡು ಬೈಕಿನ ಕಡೆ ನಡೆದರು.

“ಸಾಹೇಬ್ರ, ಹಂಗ ಹೋಗಬ್ಯಾಡ್ರಿ. ಬರ್ತೀನಿ ಅನ್ರಿ.”

ಹವಾಲ್ದಾರರು ತಿರುಗಿ ನಿಂತರು. ಕೈಮುಗಿದು “ಬರ್ತೀನ್ರಿ ಅಕ್ಕಾರ” ಅಂದರು.

ನಾವು ಊರು ದಾಟಿರಲಿಲ್ಲ, ನನ್ನ ಹೆಗಲು ಗಟ್ಟಿಯಾಗಿ ಹಿಡಿದು “ಗಾಡಿ ತಿರುಗ್ಸೋ” ಅಂದರು. ತಿರುಗಿಸಿದೆ. ಸತ್ತೆವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

“ಬಂದೀನ್ರಿ ಅಕ್ಕಾರ” ಅಂದರು ಹವಾಲ್ದಾರರು.