ಗಾಜಿನ ಹಲಗೆ, ನೆಟ್ಟಗಿನ ಕನ್ನಡಕ

ಬೆಳಿಗ್ಗೆ ಆರು ಗಂಟೆ. ಬಸ್ ಡಿಪೊ ಎದುರಿನ ಕನ್ನಡಕದಂಗಡಿಯ ಷಟರ್ ಅರ್ಧ ಮೇಲೇರಿದೆ. ಮೊದಲ ಟ್ರಿಪ್‌ಗೆ ಹೊರಟ ಕಂಡಕ್ಟರ್ ಒಬ್ಬರು ಕನ್ನಡಕ ಬಿಚ್ಚಿ ಕೊಡುತ್ತಾರೆ. ಅಂಗಡಿಯಾಕೆ ಅದನ್ನು ದಪ್ಪ ಗಾಜಿನ ಹಲಗೆಯ ಮೇಲೆ ಬೋರಲಾಗಿಟ್ಟು ಬೆರಳಿನಿಂದ ತಟ್ಟುತ್ತಾರೆ. ಅದು ಅಲುಗಾಡುವುದಿಲ್ಲ.

"ಎಡಗಡೆ ಮೇಲೇಳತ್ತೆ ಅಕ್ಕಾ, ಒಂಚೂರು ಬಗ್ಗಿಸಿ ಕೊಡಿ."

"ಕನ್ನಡಕ ನೆಟ್ಟಗೇ ಇದೆ. ಬೆಳಕಿಗೆ ಬನ್ನಿ, ಮುಖ ನೋಡ್ಬೇಕು."

"ಮುಖ ನೋಡಿ ಏನ್ಮಾಡ್ತೀರಿ, ಹೆಣ್ಣು ಕೊಡ್ತೀರಾ?"

ಆಕೆ ನಗುವುದಿಲ್ಲ. ಅವರ ಎರಡು ಕಣ್ಣುಗಳಿಗೆ ಅಡ್ಡಲಾಗಿ ಅಳತೆಪಟ್ಟಿ ಹಿಡಿಯುತ್ತಾರೆ. ಕಣ್ಣುಗಳು ಒಂದೇ ಮಟ್ಟದಲ್ಲಿವೆ, ಕಿವಿಗಳು ಮಾತ್ರ ಮೇಲೆ ಕೆಳಗಾಗಿವೆ. ಆಮೇಲಷ್ಟೇ ಕಿವಿಗೆ ಸಿಕ್ಕಿಸುವ ಕಡ್ಡಿಯನ್ನು ಬಿಸಿಗೆ ಹಿಡಿದು ಬಗ್ಗಿಸಿಕೊಡುತ್ತಾರೆ.

ಡಿಪೊದವರು ಈಕೆಯನ್ನು ಸ್ಕ್ರೂ ಅಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ದಿನಕ್ಕೆ ಮೂವತ್ತು ಕನ್ನಡಕಗಳಾದರೂ ಕೈದಾಟುತ್ತವೆ. ಬಗ್ಗಿಸುವ ಮೊದಲು ಮುಖ ನೋಡುವ ಪಾಠ ಮಾತ್ರ ಎಂಟು ವರ್ಷದ ಹಿಂದಿನದು.

ಆಗ ಅವರ ತಮ್ಮ ಇದೇ ಡಿಪೊದಲ್ಲಿ ಡ್ರೈವರ್. ಕನ್ನಡಕ ಓರೆಯಾಗಿದೆ ಎಂದು ಒಂದೇ ವರ್ಷದಲ್ಲಿ ಮೂರು ಸಲ ಬಂದ. "'ಹಾಕ್ಕೊಂಡೇ ಮಲಗ್ತೀಯೇನೋ' ಅಂತ ಬೈದು ಬಗ್ಗಿಸಿ ಕೊಟ್ಟೆ. ಅವನ ಎಡಗಣ್ಣೇ ಕೆಳಗಿಳೀತಾ ಇತ್ತು. ನಾನು ಅದರ ಮಟ್ಟಕ್ಕೆ ಫ್ರೇಮು ಇಳಿಸ್ತಾ ಹೋದೆ. ಓರೆ ಕಾಣದ ಹಾಗೆ ಮಾಡಿದ್ದೇ ನಾನು." ಒಂದು ದಿನ ಆತನಿಗೆ ರಸ್ತೆಯ ಒಂದೊಂದು ಕಂಬವೂ ಎರಡಾಗಿ ಕಂಡಿತು. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಕೆಳಗಿಳಿದ.

ಹುಬ್ಬಿನ ಹಿಂದೆ ಮೂಳೆ ಗಂಟಾಗಿ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ನೋವೂ ಇರಲಿಲ್ಲ. ಆದರೆ ಅದು ಕಣ್ಣುಗುಡ್ಡೆಯನ್ನು ಕೆಳಕ್ಕೆ ದೂಡಿ ನರವನ್ನು ಒತ್ತುತ್ತಿತ್ತು. ಆಪರೇಷನ್‌ನಿಂದ ಗಂಟು ಹೋಯಿತು, ಎರಡೆರಡು ಕಾಣುವುದೂ ನಿಂತಿತು. ಎಡಗಣ್ಣಿನ ದೃಷ್ಟಿ ಮಾತ್ರ ಪೂರ್ತಿ ಮರಳಲಿಲ್ಲ. ಆತ ಈಗ ಡಿಪೊದ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾನೆ.

ಅಲ್ಲಿಂದೀಚೆಗೆ ಸ್ಕ್ರೂ ಅಕ್ಕ ಹನ್ನೊಂದು ಮಂದಿಯನ್ನು ಕಣ್ಣಾಸ್ಪತ್ರೆಗೆ ಅಟ್ಟಿದ್ದಾರೆ. "ಹತ್ತು ಜನ ಏನೂ ಇಲ್ವಂತೆ ಅಂತ ವಾಪಸ್ ಬಂದು ಬೈದ್ರು. ಬೈಲಿ ಬಿಡಿ." ಹನ್ನೊಂದನೆಯವರು ಒಬ್ಬ ಟೈಲರಮ್ಮ. ತಮ್ಮನದೇ ಬಗೆಯ ಗಂಟು, ಬೇಗ ಸಿಕ್ಕಿತು. ಈಗಲೂ ಅವರೇ ಸೂಜಿಗೆ ದಾರ ಪೋಣಿಸುತ್ತಾರೆ.

ತಮ್ಮನಿಗೆ ಸಿಟ್ಟಿಲ್ಲವೇ ಎಂದು ಕೇಳಿದೆ. ಆಕೆ ಗಾಜಿನ ಹಲಗೆಯನ್ನು ಒರೆಸುತ್ತಾರೆ.

"ಬಾಯಿಬಿಟ್ಟು ಏನೂ ಅಂದಿಲ್ಲ. ಅವನ ಕೌಂಟರಿನ ಪಕ್ಕದಲ್ಲೇ ದೊಡ್ಡ ಕನ್ನಡಕದಂಗಡಿ ಇದೆ. ಸ್ಕ್ರೂ ಸಡಿಲ ಆದ್ರೆ ರಸ್ತೆ ದಾಟಿ ಇಲ್ಲಿಗೇ ಬರ್ತಾನೆ."