ಆಚೆಮನೆ ಮಾಮನ ಮೊದಲ ಹಾಡು

ಬೇರೆಯವರನ್ನು ಯಾರಾದರೂ ಹೊಗಳಿದರೆ ಆಚೆಮನೆ ಮಾಮನ ಎಡಗಿವಿ ಕೆಂಪಾಗುತ್ತಿತ್ತು. ಬಲಗಿವಿಗೆ ಏನೂ ಆಗುತ್ತಿರಲಿಲ್ಲ. ಎಡಗಿವಿ ಮಾತ್ರ ತುದಿಯಿಂದ ಶುರುವಾಗಿ ಹಾಲೆಯವರೆಗೆ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವರ ಉತ್ತರಕ್ರಿಯೆಯ ದಿನ ನಡೆದ ನುಡಿನಮನದಲ್ಲಿ ಈ ಕಿವಿಯ ವಿಷಯವನ್ನು ಯಾರೂ ಎತ್ತಲಿಲ್ಲ. ಬಡಾವಣೆಯ ಸಂಘದ ಅಧ್ಯಕ್ಷರು ಮೈಕು ಹಿಡಿದು, "ಸ್ವಂತ ಹೋಟೆಲು, ಸ್ವಂತ ವೇದಿಕೆ. ಆದರೂ ಮೊದಲಿನ ಒಂದು ಪ್ರಾರ್ಥನೆಯನ್ನಷ್ಟೇ ತಾವು ಹಾಡಿ, ಉಳಿದ ಇಡೀ ಸಂಜೆಯನ್ನು ಗೆಳೆಯನಿಗೆ ಬಿಟ್ಟುಕೊಟ್ಟ ವಿನಯವಂತರು" ಎಂದರು. ಸಭೆ ತಲೆದೂಗಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ನನಗೆ ಒಂದು ರೋಗ ಅಂಟಿಕೊಂಡಿದೆ. ಎಲ್ಲರೂ ಒಟ್ಟಿಗೆ ತಲೆದೂಗಿದರೆ ನನ್ನ ತಲೆ ತಾನಾಗಿ ಅಡ್ಡ ಆಡುತ್ತದೆ. ಆ ದಿನವೂ ಏಳುವುದರಲ್ಲಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮಾಮಿ, ಅಂದರೆ ಮಾಮನ ಹೆಂಡತಿ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನೋಡಿದವರು ಸಮಾಧಾನಕ್ಕೆ ಹಿಡಿದದ್ದೆಂದು ತಿಳಿದಿರಬಹುದು. ಅವರು ಹಿಡಿದದ್ದು ನಾನು ಏಳಬಾರದೆಂದು. ವಿನಯ ಎಂಬ ಪದ ಆ ಮನೆಯ ಹೊಸಿಲು ದಾಟಿದ್ದೇ ಇಲ್ಲವೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ನಮ್ಮ ದೇರೆಬೈಲಿನ ಆ ಅಡ್ಡರಸ್ತೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಕೆಂಪುಕಲ್ಲಿನ ಕಾಂಪೌಂಡು. ಅದರ ಮೇಲೆ ಮೊಣಕೈ ಊರಿ ಮಾಮ ಲೋಕವನ್ನು ನೋಡುತ್ತಿದ್ದರು. ಯಾರ ಮನೆಗೆ ಹೊಸ ಕಾರು ಬಂದರೂ ಮೊದಲು ಹೋಗಿ ಸುತ್ತು ಹಾಕಿ, ಬಾಗಿಲು ತೆಗೆದು ಮುಚ್ಚಿ, ಸದ್ದು ಆಲಿಸಿ, ಗಂಟಲಿನಿಂದ ಎಳೆದು ತೆಗೆದ ಹಾಗೆ "ಒಳ್ಳೆದುಂಟು" ಎನ್ನುತ್ತಿದ್ದರು. ಆ ಒಂದು ಮಾತಿಗೆ ನಮ್ಮ ರಸ್ತೆಯಲ್ಲಿ ಬೆಲೆ ಇತ್ತು. ಬೇರೆಯವರು ಬಾಯಿಗೆ ಬಂದಂತೆ ಹೊಗಳುತ್ತಿದ್ದರು. ಮಾಮ ಹೊಗಳುವಾಗ ಅವರಿಗೆ ನಿಜಕ್ಕೂ ನೋವಾಗುತ್ತಿತ್ತು.

ಮಾಮಿ ಹೇಳುತ್ತಿದ್ದದ್ದು: "ಇವರದ್ದು ಎಂತ ಹೇಳುದು. ನಮ್ಮ ನಾಯಿಗೆ ಬೇರೆಯವರು ಬಿಸ್ಕೆಟ್ ಹಾಕಿದ್ರೂ ಇವರಿಗೆ ಆಗುದಿಲ್ಲ."

"ಅದು ಅವರ ಹಿಂದೆ ಬಾಲ ಆಡಿಸಿಕೊಂಡು ಹೋಗ್ತದೆ. ಅನ್ನ ಹಾಕುದು ನಾನು" ಎಂದು ಮಾಮ.

ಹಾಗಂತ ಅವರು ಯಾರ ಬಗ್ಗೆಯೂ ಹಿಂದಿನಿಂದ ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಅವರ ಹೊಟ್ಟೆಕಿಚ್ಚು ಬೇರೆಯವರನ್ನು ಸುಡಲಿಕ್ಕೆ ಇರಲಿಲ್ಲ. ಅದರಲ್ಲಿ ತಮ್ಮ ಅನ್ನ ತಾವು ಬೇಯಿಸಿಕೊಳ್ಳುತ್ತಿದ್ದರು, ಅಷ್ಟೆ.

ನನಗೂ ಆ ಬೆಂಕಿಯ ಪಾಲು ಸಿಕ್ಕಿದೆ. ಒಮ್ಮೆ ಕಾಲೇಜಿನ ಫೈನಲ್‌ನಲ್ಲಿ ಸೋತು ಬಂದೆ. ಗೆದ್ದವಳು ನನಗಿಂತ ಕಡಿಮೆ ಓದಿಕೊಂಡು ಬಂದಿದ್ದಳು, ಅದರಲ್ಲಿ ನನಗೆ ಸಂಶಯವಿಲ್ಲ. ಅಮ್ಮ ಭಾಗವಹಿಸುವುದೇ ಮುಖ್ಯ ಎಂಬ ಭಾಷಣ ಶುರು ಮಾಡಿದ್ದರು. ಕಾಂಪೌಂಡಿನ ಆಚೆಯಿಂದ ಮಾಮ ಕೇಳಿದರು.

"ಹೊಟ್ಟೆಕಿಚ್ಚು ಆಗ್ತಾ ಉಂಟಾ?"

"ಇಲ್ಲ ಮಾಮ, ಹಾಗೇನಿಲ್ಲ."

"ಸುಳ್ಳು ಹೇಳ್ಬೇಡ ಮಾರಾಯ್ತಿ. ಆಗ್ಲಿ. ಆದ್ರೆ ಸರಿಯಾಗಿ ಆಗ್ಬೇಕು. ಅವಳ ಯಾವುದರ ಮೇಲೆ ಅಂತ ಹೇಳು. ಅವಳ ಮೇಲೆ ಅಂತ ಹೇಳಿದ್ರೆ ಆಗುದಿಲ್ಲ."

ಯೋಚಿಸಿದೆ. ತುಂಬ ಹೊತ್ತು ಬೇಕಾಯಿತು. ಕೊನೆಗೆ ಹೇಳಿದೆ: ಅವಳು ಎದುರಾಳಿಯ ಮಾತು ಮುಗಿದ ಮೇಲೆ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾಳೆ. ನಾನು ನಿಲ್ಲುವುದಿಲ್ಲ, ಹಾರಿ ಬೀಳುತ್ತೇನೆ.

"ಹಾಂ" ಎಂದರು ಮಾಮ. "ಈಗ ಅದನ್ನು ತಗೊ. ಅವಳಿಗೆ ಎಂತ ಕಡಿಮೆ ಆಗ್ಲಿಕ್ಕುಂಟು?"

ಆಮೇಲೆ ನಾನು ಗೆದ್ದ ಪ್ರತಿಯೊಂದು ಚರ್ಚೆಯಲ್ಲಿಯೂ ಆ ಒಂದು ಕ್ಷಣದ ಮೌನ ಇದೆ. ಅದನ್ನು ಕಲಿಸಿದ್ದು ತರಬೇತಿ ಕೊಟ್ಟ ಮೇಷ್ಟ್ರು ಎಂದು ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇನೆ. ಹೊಟ್ಟೆಕಿಚ್ಚಿನ ಮಾಮ ಕಲಿಸಿದರು ಎಂದರೆ ಜನ ನಗುತ್ತಾರೆ.

ಮಾಮನ ಸ್ವಂತ ಹೊಟ್ಟೆಕಿಚ್ಚಿಗೆ ಒಂದು ವಿಳಾಸವಿತ್ತು: ಹೊಳೆಯಾಚೆಯ ಬೆಂಗ್ರೆ. ಹರೆಯದಲ್ಲಿ ಅವರು ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು. ಮದುವೆ, ಗಣೇಶೋತ್ಸವ, ಶಾರದೋತ್ಸವ, ಎಲ್ಲಿ ಸಂಗೀತ ರಸಮಂಜರಿ ಎಂಬ ಬ್ಯಾನರು ಕಟ್ಟಿದರೂ ಅಲ್ಲಿಗೆ ಹೋಗುತ್ತಿದ್ದ ತಂಡ. ಅದರ ಮುಖ್ಯ ಗಾಯಕ ಬೆಂಗ್ರೆಯ ಮೀನುಗಾರರ ಮನೆಯ ಗೆಳೆಯ. ಮಾಮನದ್ದು ಒಳ್ಳೆಯ ಕಂಠ. ಗೆಳೆಯನದ್ದಕ್ಕೆ ಒಳ್ಳೆಯದು ಎಂಬ ಮಾತು ಸಾಲದು. ರಸಮಂಜರಿ ನೋಡಿದವರಿಗೆ ಗೊತ್ತಿದೆ, ಮೊದಲ ಹಾಡು ಯಾವಾಗಲೂ ದೇವರದ್ದು. ಆ ಹೊತ್ತಿಗೆ ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ, ಮಕ್ಕಳು ಚರುಮುರಿಗೆ ಹಠ ಹಿಡಿದಿರುತ್ತಾರೆ, ಸೌಂಡಿನವನು ಬಾಸ್ ಏರಿಸಿ ಇಳಿಸಿ ನೋಡುವುದೂ ಅದೇ ಹಾಡಿನ ಮೇಲೆ. ಹಾಗಾಗಿ ಅದನ್ನು ಎರಡನೇ ಗಾಯಕನಿಗೆ ಕೊಡುತ್ತಾರೆ. ಮಾಮ ಎರಡನೇ ಗಾಯಕ.

"ನನ್ನ ಹಾಡು ಮುಗಿಯುವಾಗ ನಿನ್ನ ಮಾಮಿಗೂ ಕುರ್ಚಿ ಸಿಕ್ಕಿರ್ಲಿಲ್ಲ" ಎನ್ನುತ್ತಿದ್ದರು.

ವೀಸಾ ಸಿಕ್ಕಿತು, ಮಸ್ಕತ್ತಿನ ಒಂದು ಹೋಟೆಲಿನ ಕೆಲಸಕ್ಕೆ ಹೋದರು. ಅಲ್ಲಿನ ಕೋಣೆಯಲ್ಲಿ ಗೆಳೆಯನ ಕ್ಯಾಸೆಟ್ಟು ಹಾಕಿ ತಪ್ಪು ಹುಡುಕಲು ಕೂರುತ್ತಿದ್ದರಂತೆ.

"ಸಿಕ್ಕಿತಾ?" ಎಂದು ಕೇಳಿದ್ದೆ.

"ಒಂದು ಸಿಕ್ಕಿತು. ಅದು ಟೇಪು ಎಳೆದದ್ದು ಅಂತ ಆಮೇಲೆ ಗೊತ್ತಾಯ್ತು."

ಊರಿಗೆ ಮರಳಿದವರು, ರಸ್ತೆಯ ಬದಿಯಲ್ಲಿ ಉಳಿದಿದ್ದ ಹಿರಿಯರ ಗದ್ದೆಯ ತುಂಡಿನಲ್ಲಿ ಹೋಟೆಲು ಕಟ್ಟಿಸಲು ಹೊರಟರು. ಊಟ, ಜೊತೆಗೆ ಶನಿವಾರ ಸಂಜೆ ವೇದಿಕೆಯ ಮೇಲೆ ಹಾಡು. ಕದ್ರಿಯ ಕಡೆ ಇಂಥದ್ದು ಬಂದಿತ್ತು, ನಮ್ಮ ರಸ್ತೆಗೆ ಅದು ಹೊಸತು. ಕಟ್ಟಡಕ್ಕೆ ಹಸಿರು ಬಲೆ ಸುತ್ತಿದರು. ಆ ಬಲೆಯ ತೂತಿನಲ್ಲಿ ಕಣ್ಣಿಡದೆ ಹಾಲು ತರಲು ಹೋಗುವವರು ಯಾರೂ ಇರಲಿಲ್ಲ. ಅಡುಗೆಯವರು ಉಡುಪಿಯವರಂತೆ ಎಂದು ಒಬ್ಬರು, ಅಲ್ಲ ಕುಂದಾಪುರದವರಂತೆ ಎಂದು ಇನ್ನೊಬ್ಬರು. ಬಾರ್ ಇರುತ್ತದೋ ಎಂದು ಗಂಡಸರು ಮೆಲ್ಲಗೆ ಕೇಳಿದರು, ಇರುವುದಿಲ್ಲವಷ್ಟೇ ಎಂದು ಹೆಂಗಸರು ಜೋರಾಗಿ ಕೇಳಿದರು. ಸದ್ದಿನ ವಿರುದ್ಧ ಮನವಿ ಕೊಡಬೇಕೆಂದಿದ್ದ ಸಂಘದ ಅಧ್ಯಕ್ಷರೇ ಎದುರಿನ ಮೇಜು ತನಗಿರಲಿ ಎಂದು ಹೇಳಿಹೋದರು. ನಮ್ಮ ಅಮ್ಮ ಸೀರೆ ತೆಗೆದಿಟ್ಟರು. ಎರಡು ಮಳೆಗಾಲ ಹೀಗೆ ಕಾದದ್ದು. ಆ ದಿನಗಳಲ್ಲಿ ಮಾಮನ ನಡಿಗೆಯೇ ಬೇರೆ. ಜೀವಮಾನದಲ್ಲಿ ಮೊದಲ ಸಲ ಇಡೀ ರಸ್ತೆ ಅವರ ಮೇಲೆ ಹೊಟ್ಟೆಕಿಚ್ಚು ಪಡುತ್ತಿತ್ತು.

ಉದ್ಘಾಟನೆಗೆ ಕೆಲವು ದಿನ ಇರುವಾಗ ಕಾಂಪೌಂಡಿನ ಬಳಿ ನನ್ನನ್ನು ಕರೆದು ಕಾರ್ಯಕ್ರಮ ಹೇಳಿದರು. ಮೊದಲ ಪ್ರಾರ್ಥನೆ ಬೆಂಗ್ರೆಯ ಗೆಳೆಯನದ್ದು. ಆಮೇಲಿನ ಹಾಡುಗಳೆಲ್ಲ ಮಾಮನದ್ದು.

"ಇದು ಸೇಡು" ಎಂದೆ.

"ಅಲ್ಲ. ಅವನೂ ಒಮ್ಮೆ ಕುರ್ಚಿ ಎಳೆಯುವ ಸದ್ದಿಗೆ ಹಾಡಿ ನೋಡ್ಲಿ. ಒಂದೇ ಸಲ. ನಾನು ಒಂದೇ ಸಲ ಕೂತವರ ಎದುರು ಹಾಡ್ತೇನೆ."

"ಹಾಗಾದ್ರೆ ಇಷ್ಟು ದೊಡ್ಡ ಕಟ್ಟಡ ಕಟ್ಟಿದ್ದು ಇದಕ್ಕಾ?"

"ಮತ್ತೆ? ಮಸ್ಕತ್ತಿನಲ್ಲಿ ಅಷ್ಟು ವರ್ಷ ಬೇರೆಯವರ ಊಟದ ಪಾತ್ರೆ ನೋಡಿಕೊಂಡು ಇದ್ದದ್ದು ಎಂತಕ್ಕೆ ಅಂತ ಮಾಡಿದ್ದಿ?"

ಉದ್ಘಾಟನೆಯ ಸಂಜೆ ಅವರ ಲೆಕ್ಕ ಬುಡಮೇಲಾಯಿತು. ಎರಡು ಮಳೆಗಾಲ ಕಾದ ಜನ ತಡವಾಗಿ ಬರುತ್ತಾರೆಯೇ? ಹೇಳಿದ ಹೊತ್ತಿಗಿಂತ ಎಷ್ಟೋ ಮೊದಲೇ ಕುರ್ಚಿಗಳೆಲ್ಲ ತುಂಬಿ, ಎಲ್ಲರೂ ಪುನರ್ಪುಳಿ ಶರಬತ್ತು ಕುಡಿದು ಮುಗಿಸಿ, ಮಾತೂ ಮುಗಿದು, ವೇದಿಕೆಯನ್ನೇ ನೋಡುತ್ತ ಕುಳಿತಿದ್ದರು. ಅಡುಗೆಮನೆಯ ಬಾಗಿಲು ಪ್ರಾರ್ಥನೆಯ ನಂತರ ತೆರೆಯಬೇಕೆಂದು ಮಾಮನೇ ಅಪ್ಪಣೆ ಕೊಟ್ಟಿದ್ದರು. ಬೆಂಗ್ರೆಯ ಗೆಳೆಯ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದು, ಮೈಕನ್ನು ಮುಟ್ಟದೆ ಕಣ್ಣು ಮುಚ್ಚಿ ಗಣಪತಿಯ ಹಾಡು ಎತ್ತಿದರು. ಮೀನಿನ ವ್ಯಾಪಾರಕ್ಕೆ ಇಳಿದ ಮೇಲೆ ಅವರು ವೇದಿಕೆ ಹತ್ತಿದ್ದೇ ಕಡಿಮೆಯಂತೆ, ನಂಬುವುದು ಕಷ್ಟ. ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಹಾಡು ಮುಗಿದಾಗ ಯಾರಿಗೂ ಚಪ್ಪಾಳೆ ನೆನಪಾಗಲಿಲ್ಲ. ನೆನಪಾದ ಮೇಲೆ ನಿಲ್ಲಲಿಲ್ಲ. ನಾನು ಕಂಬದ ಹತ್ತಿರ ನಿಂತಿದ್ದ ಮಾಮನನ್ನು ನೋಡಿದೆ. ಬಲಗಿವಿಯೂ ಕೆಂಪಾಗಿತ್ತು.

ಆಮೇಲೆ ಅಡುಗೆಮನೆಯ ಬಾಗಿಲು ತೆರೆಯಿತು. ಕೋರಿರೊಟ್ಟಿ. ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ: ಹಪ್ಪಳದಷ್ಟು ಗರಿಗರಿಯಾದ ಅಕ್ಕಿಯ ರೊಟ್ಟಿ, ಅದನ್ನು ಕೈಯಲ್ಲಿ ಮುರಿದು ಅದರ ಮೇಲೆ ತೆಂಗಿನಕಾಯಿ ಅರೆದು ಮಾಡಿದ ಬಿಸಿ ಕೋಳಿಗಸಿ ಹಾಕಿಸಿಕೊಳ್ಳಬೇಕು. ಮದುವೆಗೆಂದು ಹೊಲಿಸಿದಂಥ ಕೋಟು ತೊಟ್ಟು ಮಾಮ ವೇದಿಕೆ ಹತ್ತಿ, ಬದುಕಿಡೀ ಕಾದಿಟ್ಟಿದ್ದ ಹಳೆಯ ಚಿತ್ರಗೀತೆಯನ್ನು ಶುರು ಮಾಡಿದರು. ಅದೇ ಹೊತ್ತಿಗೆ ಸಭೆಯಿಡೀ ರೊಟ್ಟಿ ಮುರಿಯತೊಡಗಿತು. ತರಗೆಲೆಯ ಮೇಲೆ ದನಗಳ ಹಿಂಡು ನಡೆದ ಹಾಗೆ ಸದ್ದು. ಪಲ್ಲವಿಯ ನಡುವೆ, ಎಳೆದು ನಿಲ್ಲಿಸಿದ ಒಂದು ಸ್ವರದ ಮೇಲೆ, "ಇಲ್ಲಿಗೆ ಸ್ವಲ್ಪ ಗಸಿ" ಎಂಬ ಕೂಗು. ಕೂಗಿದ್ದು ನಮ್ಮ ಅಮ್ಮ.

ಒಬ್ಬರು ಮಾತ್ರ ಊಟ ಬಿಟ್ಟು ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು ಮಾಮನ ಹಾಡು ಪೂರ್ತಿ ಕೇಳಿದರು. ಬೆಂಗ್ರೆಯ ಗೆಳೆಯ.

ಮರುದಿನ ಬೆಳಗ್ಗೆ ಮಾಮ ಕಾಂಪೌಂಡಿಗೆ ಬಂದರು. ಮುಖ ಸಣ್ಣದಾಗಿರಬಹುದೆಂದು ಎಣಿಸಿದ್ದೆ, ಇರಲಿಲ್ಲ.

"ತಪ್ಪು ನನ್ನದು. ಆರ್ಕೆಸ್ಟ್ರಾದ ಬುದ್ಧಿಯನ್ನು ಹೋಟೆಲಿಗೆ ತಂದೆ. ಅಲ್ಲಿ ಜನ ಹಾಡಿಗೆ ಬರುದು. ಇಲ್ಲಿ ಊಟಕ್ಕೆ ಬರುದು. ಊಟ ಬರುವವರೆಗೆ ಮಾತ್ರ ಅವರಿಗೆ ಕಿವಿ ಉಂಟು."

"ಹಾಗಾದ್ರೆ ಎಂತ ಮಾಡ್ತೀರಿ?"

ಅವರು ನನ್ನೆದುರೇ ಫೋನು ಹಚ್ಚಿದರು. "ಮಾರಾಯ, ಮುಂದಿನ ಶನಿವಾರದಿಂದ ದೇವರ ಹಾಡು ನಾನೇ ಹೇಳ್ತೇನೆ. ಜಾಗದ ಯಜಮಾನ ಅಲ್ವಾ, ಪ್ರಾರ್ಥನೆ ನಾನು ಮಾಡುದೇ ಸರಿ. ಮತ್ತಿನ ದೊಡ್ಡ ಹಾಡೆಲ್ಲ ನಿನಗೆ." ಆಚೆಯಿಂದ "ಆಯ್ತು" ಎಂಬ ಒಂದು ಮಾತು.

ಅಧ್ಯಕ್ಷರು ನುಡಿನಮನದಲ್ಲಿ ಕೊಂಡಾಡಿದ ವಿನಯ ಹುಟ್ಟಿದ್ದು ಹೀಗೆ.

ಆದರೆ ಮಾಮ ಆ ಹಾಡುಗಳನ್ನು ಹಾಡಿದ ರೀತಿ ಸುಳ್ಳಲ್ಲ. ಹಸಿದ ಹೊಟ್ಟೆಯ, ತೆರೆದ ಕಿವಿಯ ಜನರ ಎದುರು ಪ್ರತಿ ಶನಿವಾರ ಅವರ ಪ್ರಾರ್ಥನೆ ಉದ್ದವಾಗುತ್ತ, ಆಳವಾಗುತ್ತ ಹೋಯಿತು. ಅದನ್ನು ಕೇಳಲೆಂದೇ ಬೇಗ ಬರುವವರು ಹುಟ್ಟಿಕೊಂಡರು. ಇತ್ತ ಬೆಂಗ್ರೆಯ ಗೆಳೆಯ ತಮ್ಮ ವ್ಯಾಪಾರ ಮುಗಿಸಿ, ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಬಂದು, ರೊಟ್ಟಿ ಮುರಿಯುವ ಸದ್ದಿಗೆ ಹಾಡಿ ಹೋಗುತ್ತಿದ್ದರು. ಒಂದು ಸ್ವರ ಸಡಿಲ ಬಿಟ್ಟದ್ದಿಲ್ಲ, ಒಂದು ಹಾಡು ಅವಸರದಲ್ಲಿ ಮುಗಿಸಿದ್ದಿಲ್ಲ. ಅಂಜಲ್ ಮೀನಿನ ಫ್ರೈ ಬಿಡಿಸುತ್ತಿರುವವರ ಎದುರು, ಉದ್ಘಾಟನೆಯ ದಿನದ ಆ ಮೌನದ ಎದುರು ಹಾಡಿದ ಹಾಗೆಯೇ ಹಾಡುತ್ತಿದ್ದರು. ಮಾಮ ಕಂಬದ ಹತ್ತಿರ ನಿಂತು ಅದನ್ನು ನೋಡುತ್ತಿದ್ದರು. ಬೇಕಾದದ್ದು ಸಿಕ್ಕಿತ್ತು, ಮುಖದಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ.

"ಅವನಿಗೆ ಹೊಟ್ಟೆಕಿಚ್ಚೇ ಆಗುದಿಲ್ಲ ಮಾರಾಯ್ತಿ" ಎಂದರು ಒಂದು ದಿನ. "ನಾನು ನೋಡ್ತಾ ಇದ್ದೇನೆ. ಚೂರೂ ಇಲ್ಲ. ನನಗೆ ಈಗ ಅದರ ಮೇಲೆಯೇ ಹೊಟ್ಟೆಕಿಚ್ಚು."

"ಅದನ್ನೂ ತಗೊಳ್ಳಿ ಮಾಮ. ಅವರಿಗೆ ಎಂತ ಕಡಿಮೆ ಆಗ್ಲಿಕ್ಕುಂಟು?" ಎಂದೆ, ಅವರು ನನಗೆ ಒಮ್ಮೆ ಆಡಿದ ಮಾತನ್ನೇ ತಿರುಗಿಸಿ.

ಅವರು ನಕ್ಕರು. "ಅದು ಮಾತ್ರ ಬರುದಿಲ್ಲ. ನಾನು ಪ್ರಯತ್ನ ಮಾಡಿ ನೋಡಿದೆ."

ಅದಾಗಿ ಹೆಚ್ಚು ಕಾಲ ಅವರು ಇರಲಿಲ್ಲ. ಒಂದು ಬೆಳಗ್ಗೆ ಎದೆನೋವು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದವರು, ಮಧ್ಯಾಹ್ನ ಅವರ ದೇಹದೊಂದಿಗೆ ಮರಳಿದರು. ಆ ವಾರ ವೇದಿಕೆ ಖಾಲಿ. ಮುಂದಿನ ವಾರ ಬೆಂಗ್ರೆಯ ಗೆಳೆಯ ಬರಲಿಲ್ಲ. ಹೋಟೆಲು ನಡೆಯುತ್ತಿದೆ, ಈಗ ಅಲ್ಲಿ ಗಿಟಾರ್ ಹಿಡಿದ ಹುಡುಗರು ಹಾಡುತ್ತಾರೆ. ಚೆನ್ನಾಗಿ ಹಾಡುತ್ತಾರೆ. ನನಗೆ ಅವರನ್ನು ಹೊಗಳಲು ಮನಸ್ಸು ಬರುವುದಿಲ್ಲ.

ನುಡಿನಮನ ಮುಗಿದು ಊಟವಾದ ಮೇಲೆ ಬೆಂಗ್ರೆಯ ಗೆಳೆಯನನ್ನು ನಾನೇ ಸ್ಕೂಟರಿನಲ್ಲಿ ಬಂದರಿನ ದೋಣಿಕಡವಿನವರೆಗೆ ಬಿಟ್ಟೆ. ಬೆಂಗ್ರೆಗೆ ಹೋಗುವ ದೋಣಿ ತುಂಬುತ್ತಿತ್ತು. ಅವರು ಹಲಗೆಯ ಮೇಲೆ ಒಂದು ಕಾಲಿಟ್ಟಾಗ ಕೇಳಿಯೇಬಿಟ್ಟೆ. ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ.

"ಮಾಮ ಮೊದಲ ಹಾಡನ್ನು ತಾವೇ ತಗೊಂಡದ್ದು ಯಾಕೆ ಅಂತ ನಿಮಗೆ ಗೊತ್ತಿತ್ತಲ್ವಾ? ಗೊತ್ತಿದ್ದೂ ಪ್ರತಿ ಶನಿವಾರ ಅಷ್ಟು ದೂರದಿಂದ ಬಂದು ಹಾಡಿದ್ದು ದೋಸ್ತಿಗಾ, ಅಥವಾ ಇಷ್ಟು ಸದ್ದಿನ ಮೇಲೂ ನಾನು ಹೀಗೆ ಹಾಡಬಲ್ಲೆ ಅಂತ ಅವರಿಗೆ ತೋರಿಸ್ಲಿಕ್ಕಾ?"