ಕರಿಚಹಾ ಅಮ್ಮ ಹೆದರಿದ ಕಥೆ

ನಮ್ಮ ಓಣಿಯಲ್ಲಿ ಅವಳನ್ನು ಕರಿಚಹಾ ಅಮ್ಮ ಅಂತಲೇ ಕರೆಯುತ್ತಿದ್ದರು. ಮನೆಗೆ ಯಾರೇ ಬರಲಿ, ಹಾಲಿಲ್ಲದ ಚಹಾ ಕೊಡುವವಳು. ವೀಗನ್ ಎಂಬ ಮಾತು ಆಗ ಯಾರ ಕಿವಿಗೂ ಬಿದ್ದಿರಲಿಲ್ಲ. ಅವಳು ಮಾಡುತ್ತಿದ್ದುದಕ್ಕೆ ಹೆಸರಿಲ್ಲದ್ದರಿಂದ ಜನ ಹುಚ್ಚು ಅಂದರು. ಗಟ್ಟಿಗಿತ್ತಿ ಅಂದುಕೊಂಡುಬಿಟ್ಟೀರಿ ಮತ್ತೆ! ಬಾಗಿಲು ದಡಾರೆಂದರೆ ಎದೆ ಹಿಡಿದುಕೊಳ್ಳುವ ಪುಕ್ಕಲಿ.

ಮದುವೆಯಾದ ಹೊಸದರಲ್ಲಿ ಊರಿನ ಹಾಲಿನ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಕೆಲಸ ಅವಳದು. ಕರು ಸತ್ತರೆ ಹಸು ಹಾಲಿಳಿಸುವುದಿಲ್ಲ. ಅದಕ್ಕೇ ಕೊಟ್ಟಿಗೆಯವರು ಸತ್ತ ಕರುವಿನ ಚರ್ಮ ಸುಲಿದು, ಒಣಗಿಸಿ, ಒಳಗೆ ಹುಲ್ಲು ತುರುಕಿ, ಹೊಲಿದು ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ತಾಯಿ ನೆಕ್ಕುತ್ತಾ ನಿಂತರೆ ಹಾಲಿಳಿಯುತ್ತಿತ್ತು. ಒಂದು ಬೆಳಿಗ್ಗೆ ಹಸು ನೆಕ್ಕಿ ನೆಕ್ಕಿ ಹೊಟ್ಟೆಯ ಹೊಲಿಗೆ ಬಿಚ್ಚಿಹೋಯಿತು. ಹಸು ಒಂದು ಗಳಿಗೆ ಮೂಸಿತು. ಆಮೇಲೆ ತನ್ನ ಕರುವಿನ ಹೊಟ್ಟೆಯೊಳಗಿನ ಹುಲ್ಲನ್ನು ಎಳೆದೆಳೆದು ತಿನ್ನತೊಡಗಿತು.

ಇವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಓಡಿಬಂದಳು. ಕೆಲಸ ಬಿಟ್ಟಳು, ಹಾಲು ಮೊಸರು ಬೆಣ್ಣೆ ಎಲ್ಲವನ್ನೂ ಬಿಟ್ಟಳು. ನಲ್ಲಿಯ ಹತ್ತಿರ ಸಿಕ್ಕ ಹೆಂಗಸರಿಗೆಲ್ಲ ಕಂಡದ್ದನ್ನು ಹೇಳಿದಳು. ಮಗಳು ಹುಟ್ಟಿದಳು, ಮೊಲೆ ಬಿಡಿಸಿದ ಮೇಲೆ ಅವಳಿಗೂ ಬೇಳೆಯ ಗಂಜಿ, ಅರೆದ ಕಡಲೆಬೀಜವೇ. ಮಗು ಗುಂಡಗೆ ಬೆಳೆಯಿತು.

ನಡೆದಾಡಿಕೊಂಡಿದ್ದ ಆ ಮಗುವಿಗೆ ಜ್ವರ ಬಂತು. ಬಂದದ್ದು ಇಳಿಯಲೊಲ್ಲದು. ಗಂಜಿ ಉಗುಳಿತು, ಹಣ್ಣಿನ ರಸ ಉಗುಳಿತು. ಕಣ್ಣು ಗುಳಿಬಿದ್ದವು. ಕರೆದರೆ ತಿರುಗಿ ನೋಡುವುದನ್ನೂ ಬಿಟ್ಟಿತು. ಇವಳು ಅದರ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವಳು, ತೆಗೆಯುವಳು, ಮತ್ತೆ ಇಡುವಳು.

"ಕೊಲ್ತಿದೀಯ ಕಣೇ," ಅಂದಳು ಅತ್ತೆ. "ಹಸು ಮೇಲಿರೋ ಕನಿಕರ ಹೆತ್ತ ಕೂಸಿನ ಮೇಲಿಲ್ವಲ್ಲ ನಿಂಗೆ!"

ಇವಳು ಔಷಧಿ ಕೊಡಲು ಬಂದಿದ್ದ ನರ್ಸಮ್ಮನ ಕೈ ಹಿಡಿದುಕೊಂಡಳು. "ಹಾಲು ಕೊಡದಿದ್ರೆ ಹೋಗ್ಬಿಡುತ್ತಾ ಅಕ್ಕಾ?"

"ಹಾಲೇ ಆಗ್ಬೇಕು ಅಂತಿಲ್ಲಮ್ಮ. ಏನಾದ್ರೂ ಒಳಗೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಂಗೂ ಧೈರ್ಯ ಹೇಳೋಕಾಗಲ್ಲ."

ಅತ್ತೆ ಹಾಲಿನ ಲೋಟ ಚಾಚಿಕೊಂಡೇ ನಿಂತಿದ್ದಳು.

"ಎಲ್ಲಿಂದ ತಂದ್ರಿ ಅತ್ತೆ?"

"ಇನ್ನೆಲ್ಲಿಂದ? ನೀನು ಓಡ್ಬಂದ್ಯಲ್ಲ, ಅಲ್ಲಿಂದಲೇ."

ಇವಳು ಲೋಟ ಇಸಿದುಕೊಂಡಳು. ಮೊದಲ ಚಮಚ ಮಗುವಿನ ಗದ್ದದ ಮೇಲೆ ಚೆಲ್ಲಿತು. ಎರಡನೆಯದು ಒಳಗಿಳಿಯಿತು. ಇನ್ನೊಂದು, ಮತ್ತೊಂದು. ಕಕ್ಕೀತೇನೋ ಎಂದು ಹೆದರಿದಳು. ಕಕ್ಕದೆ ಉಳಿಸಿಕೊಂಡರೆ ತಾನು ಇಷ್ಟು ದಿನ ಹೇಳಿದ್ದೆಲ್ಲ ಏನಾಯಿತು ಎಂದೂ ಹೆದರಿದಳು. ಮಗು ಕಕ್ಕಲಿಲ್ಲ. ಮೆಲ್ಲಗೆ ಚೇತರಿಸಿಕೊಂಡಿತು. ಔಷಧಿಯಿಂದಲೋ ಹಾಲಿನಿಂದಲೋ, ಯಾರು ಹೇಳಬೇಕು? ಅತ್ತೆಯಂತೂ ಓಣಿಗೆಲ್ಲ ಡಂಗುರ ಸಾರಿದಳು.

ಇನ್ನು ಇವಳ ಬಾಯಿ ಮುಚ್ಚಿತು ಅಂದುಕೊಂಡರು ಎಲ್ಲರೂ. ಮಗಳು ಗಂಜಿ ಉಣ್ಣತೊಡಗಿದ ಮೇಲೆ ಇವಳು ಮತ್ತೆ ನಲ್ಲಿಗೆ ಬಂದಳು, ಮತ್ತೆ ಅದೇ ಮಾತು ತೆಗೆದಳು. ದರ್ಜಿಯ ಹೆಂಡತಿ ಕೊಡ ಕುಕ್ಕಿ ನಕ್ಕಳು. "ಸುಮ್ನಿರೇ ತಾಯಿ! ನಿನ್ ಮಗಳಿಗೆ ಲೋಟ ಲೋಟ ಕುಡಿಸಿದ್ಯಂತಲ್ಲ?"

"ಕುಡಿಸ್ದೆ. ಸತ್ತೋಗ್ತಾಳೆ ಅಂತ ಹೆದರ್ಕೊಂಡೆ," ಅಂದಳು ಇವಳು. "ಕರು ಸಾಯೋವಾಗ ಹಸೂಗೂ ಅದೇ ಹೆದರಿಕೆ ಇರುತ್ತೆ ಕಣಕ್ಕ. ಹಸೂಗೆ ಯಾರೂ ಲೋಟ ತಂದ್ಕೊಡಲ್ಲ."

ದರ್ಜಿಯ ಹೆಂಡತಿ ಆಮೇಲೆ ನಗಲಿಲ್ಲ. ನಮ್ಮ ಓಣಿಯಲ್ಲಿ ಹಾಲು ಬಿಟ್ಟ ಎರಡನೆಯ ಮನೆ ಅವಳದು.